ಪಿಕಪ್‌ನ ಮುಂದಿನ ಡಿಫರೆನ್ಷಿಯಲ್‌ಗೂ ಲಾಕರ್ ಹಾಕಿಸಬೇಕಾ? ಹಿಂದೆ ಆಗಲೇ ಇದೆ, ಎರೆ ಹೊಲದ ಕೆಲಸ

ಎರೆಹೊಲದ ಗಾಡಿ (ಸಿಂಧನೂರು)

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಇಸುಜು ವಿ-ಕ್ರಾಸ್ ಪಿಕಪ್, ಫೋರ್ ಬೈ ಫೋರ್, 2.5 ಲೀಟರ್ ಡೀಸೆಲ್. ಶೋಕಿಗೆ ಇಟ್ಟುಕೊಂಡದ್ದಲ್ಲ, ದುಡಿಯುವ ಗಾಡಿ. ಭತ್ತದ ಕಟಾವು ಶುರುವಾದರೆ ನಾನು ಹಾರ್ವೆಸ್ಟರ್ ರಿಪೇರಿಗೆ ಹೋಗುತ್ತೇನೆ. ಹಿಂದೆ ವೆಲ್ಡಿಂಗ್ ಸೆಟ್ಟು, ಜನರೇಟರ್, ಬೆಲ್ಟು, ಬೇರಿಂಗು, ಕಟರ್ ಬಾರ್ ಬ್ಲೇಡು, ಎರಡು ಕ್ಯಾನ್ ಡೀಸೆಲ್, ಎಲ್ಲಾ ಸೇರಿ ನಾಲ್ಕೈದು ಕ್ವಿಂಟಲ್ ಭಾರ ಸದಾ ಇರುತ್ತದೆ. ಸಿಂಧನೂರು, ಕಾರಟಗಿ, ಗಂಗಾವತಿ, ಮಾನ್ವಿ, ತುಂಗಭದ್ರಾ ಎಡದಂಡೆ ಕಾಲುವೆ ನೀರು ಹೋಗುವ ಕಡೆಯೆಲ್ಲ ನನ್ನ ಓಡಾಟ. ಮಷಿನ್ ಕೆಡುವುದು ರಸ್ತೆ ಪಕ್ಕದಲ್ಲಲ್ಲ, ಹೊಲದ ನಟ್ಟನಡುವೆ. ರೈತ ಫೋನ್ ಮಾಡುವಾಗ ಮೇಲೆ ಮೋಡ ಕಟ್ಟಿರುತ್ತದೆ, ಹೊಲದಲ್ಲಿ ತೆನೆ ಬಾಗಿರುತ್ತದೆ, ಮಷಿನ್ ಬಾಡಿಗೆ ಗಂಟೆ ಲೆಕ್ಕ. ಆಗ ನಾನು ದಾರಿಯಲ್ಲಿ ಸಿಕ್ಕಿಕೊಂಡು ನಿಂತರೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಹಿಂದಿನ ಆಕ್ಸಲ್‌ಗೆ ಎರಡು ವರ್ಷದ ಕೆಳಗೆ ಬೆಂಗಳೂರಿನಲ್ಲಿ ಏರ್ ಲಾಕರ್ ಹಾಕಿಸಿದೆ, ಅಂದರೆ ಎಡ ಬಲ ಗಾಲಿಗೆ ಬಲ ಹಂಚುವ ಡಿಫರೆನ್ಷಿಯಲ್ ಅನ್ನು ಸ್ವಿಚ್ ಒತ್ತಿದಾಗ ಗಾಳಿಯ ಒತ್ತಡದಿಂದ ಲಾಕ್ ಮಾಡಿ, ಎರಡೂ ಗಾಲಿ ಒಟ್ಟಿಗೆ ತಿರುಗುವ ಹಾಗೆ ಮಾಡುವ ಸಾಧನ. ತುಂಬಾ ಉಪಯೋಗವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೋದ ನವೆಂಬರ್‌ನಲ್ಲಿ ಕಾರಟಗಿ ಹತ್ತಿರ ಆದದ್ದು ಇನ್ನೂ ತಲೆಯಲ್ಲಿ ಕೂತಿದೆ. ಕಾಲುವೆ ಪಕ್ಕದ ದಾರಿಯಿಂದ ಹೊಲಕ್ಕೆ ಇಳಿಯುವ ಜಾಗ, ಅಲ್ಲಿ ಒಂದು ಬದು ಅಡ್ಡ ಇದೆ, ಜಾಗ ಸಾಲದ್ದಕ್ಕೆ ಬದುವನ್ನು ಓರೆಯಾಗಿ ದಾಟಬೇಕು. ಮುಂದಿನ ಬಲಗಾಲಿ ಗಾಳಿಯಲ್ಲಿ ತೂಗಾಡಿತು. ಹಿಂದಿನ ಎರಡೂ ಗಾಲಿ ಲಾಕ್ ಆಗಿದ್ದವು, ಆದರೆ ಎರಡೂ ರಾಡಿಯಲ್ಲೇ ಇದ್ದವು, ಒಟ್ಟಿಗೆ ತಿರುಗಿದವು, ಒಟ್ಟಿಗೆ ಹೂತವು. ಮುಂದಿನ ಎಡಗಾಲಿ ಮಾತ್ರ ಬದುವಿನ ಗಟ್ಟಿ ಗರಸಿನ ಮೇಲೆ ಕೂತಿತ್ತು. ನಾನು ಇಳಿದು ನೋಡಿದೆ. ಇದ್ದ ನಾಲ್ಕು ಗಾಲಿಯಲ್ಲಿ ಹಿಡಿತ ಇದ್ದದ್ದು ಅದೊಂದಕ್ಕೇ, ತಿರುಗದೆ ಸುಮ್ಮನೆ ನಿಂತದ್ದೂ ಅದೊಂದೇ. ಕೊನೆಗೆ ಟ್ರ್ಯಾಕ್ಟರ್ ಕಟ್ಟಿ ಎಳೆಸಿದೆವು, ಅಷ್ಟೊತ್ತಿಗೆ ಮಳೆ ಬಂತು, ಆ ರೈತನ ಅರ್ಧ ಹೊಲ ಮಲಗಿತು.

ಅದಕ್ಕೇ ಕೇಳುತ್ತಿದ್ದೇನೆ. ಮುಂದಿನ ಡಿಫರೆನ್ಷಿಯಲ್‌ಗೂ ಲಾಕರ್ ಹಾಕಿಸಿದರೆ ಈ ತೊಂದರೆ ನಿಜವಾಗಿ ತೀರುತ್ತದಾ? ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡೂ ಗಾಲಿ ಬೇರೆ ಬೇರೆಯಾಗಿ ಏರಿಳಿಯುವುದು) ಇರುವ ಗಾಡಿಗೆ ಇದು ಸರಿಯಾ, ಆಕ್ಸಲ್ ಮುರಿಯುತ್ತೆ ಅಂತ ಕೆಲವರು ಹೆದರಿಸುತ್ತಾರೆ. ಗಾಳಿಯದ್ದೇ ಹಾಕಬೇಕಾ, ತಾನೇ ಲಾಕ್ ಆಗುವುದು ಸಾಕಾ? ಮತ್ತೆ ಈ ಕೆಲಸ ಬಳ್ಳಾರಿಯಲ್ಲೇ ಆಗುತ್ತದಾ? ಮತ್ತೊಂದು ಸಲ ಬೆಂಗಳೂರಿಗೆ ಹೋಗಿ ವಾರಗಟ್ಟಲೆ ಗಾಡಿ ಬಿಟ್ಟು ಬರಲು ಆಗುವುದಿಲ್ಲ.

ಸಂಡೂರು ಗುಡ್ಡ

ಅಣ್ಣಾ, ನನ್ನದು ಫೋರ್ಸ್ ಗೂರ್ಖಾ. ಮುಂದೆ ಹಿಂದೆ ಎರಡಕ್ಕೂ ಕಂಪನಿಯಿಂದಲೇ ಡಿಫ್ ಲಾಕ್ ಬಂದಿರುತ್ತದೆ, ಎರಡಕ್ಕೂ ಬೇರೆ ಬೇರೆ ಲಿವರ್. ಹಾಗಾಗಿ ಹಾಕಿಸುವ ಕಷ್ಟ ನನಗೆ ಗೊತ್ತಿಲ್ಲ, ಬಳಸುವುದು ಗೊತ್ತು, ಅಷ್ಟು ಹೇಳುತ್ತೇನೆ.

ನಮ್ಮ ಸಂಡೂರು ಕಡೆಯ ಗುಡ್ಡದ ದಾರಿಗಳಲ್ಲಿ ಅದಿರಿನ ಸಣ್ಣ ಕಲ್ಲು ಗೋಲಿ ಹಾಸಿದ ಹಾಗೆ ಇರುತ್ತದೆ, ಮಳೆಗಾಲದಲ್ಲಿ ನೀರು ಕೊರೆದ ಕೊರಕಲು ಬೇರೆ. ಅಲ್ಲಿ ಹತ್ತು ಸಲ ಸಿಕ್ಕಿಕೊಂಡರೆ ಎಂಟು ಸಲ ಹಿಂದಿನ ಲಾಕ್ ಒಂದೇ ಸಾಕಾಗುತ್ತದೆ. ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಬರುತ್ತದೆ, ಹಿಡಿತವೂ ಹಿಂದೆಯೇ ಸಿಗುತ್ತದೆ. ಅದಕ್ಕೇ ಎಲ್ಲರೂ ಮೊದಲು ಹಿಂದಕ್ಕೆ ಹಾಕಿಸುತ್ತಾರೆ. ಉಳಿದ ಎರಡು ಸಲ, ನೀವು ಹೇಳಿದ ಹಾಗೆ ಓರೆಯಾಗಿ ದಾಟುವಾಗ ಮೂಲೆಗೊಂದು ಗಾಲಿ ಎದ್ದಿರುತ್ತದೆ ನೋಡಿ, ಆಗ ಮುಂದಿನದು ಹಾಕಿದರೆ ಗಾಡಿ ತೆವಳಿಕೊಂಡು ಹತ್ತುತ್ತದೆ. ಆ ಅನುಭವವೇ ಬೇರೆ. ಹಾಗಾಗಿ ಕೆಲಸಕ್ಕೆ ಬರುತ್ತಾ ಅಂದರೆ ಖಂಡಿತ ಬರುತ್ತದೆ.

ಆದರೆ ಸ್ಟೇರಿಂಗ್ ಬಗ್ಗೆ ಮೊದಲೇ ತಿಳಿದಿರಿ. ಮುಂದಿನ ಲಾಕ್ ಹಾಕಿದ ಮೇಲೆ ಎರಡೂ ಗಾಲಿ ಒಂದೇ ವೇಗದಲ್ಲಿ ತಿರುಗುತ್ತವೆ, ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು ಅಲ್ವಾ, ಅದಕ್ಕೆ ಅವಕಾಶವೇ ಇರುವುದಿಲ್ಲ. ಗಾಡಿ ನೇರಕ್ಕೇ ನುಗ್ಗುತ್ತದೆ. ಸ್ಟೇರಿಂಗ್ ಕಲ್ಲಾಗುತ್ತದೆ. ಕಾಲುವೆ ಏರಿ ಮೇಲೆ ಇದು ಚಿಕ್ಕ ವಿಷಯ ಅಲ್ಲ, ಒಂದು ಕಡೆ ನೀರು, ಒಂದು ಕಡೆ ಇಳಿಜಾರು. ನಾನು ಮುಂದಿನದನ್ನು ಫೋರ್ ಲೋನಲ್ಲಿ (ನಾಲ್ಕೂ ಗಾಲಿಗೆ ಬಲ ಕೊಡುವ ನಿಧಾನದ ಗೇರ್), ನಡೆದು ಹೋಗುವ ವೇಗದಲ್ಲಿ, ಎದುರಿಗೆ ನೇರ ದಾರಿ ಇದ್ದಾಗ ಮಾತ್ರ ಹಾಕುತ್ತೇನೆ. ಆ ಗುಂಡಿ ದಾಟಿದ ಕೂಡಲೇ ತೆಗೆಯುತ್ತೇನೆ.

ಮತ್ತೆ ನಿಮ್ಮ ಟೈರ್ ಯಾವುದು? ಎರೆ ಮಣ್ಣಿನಲ್ಲಿ ಹೈವೇ ಟೈರಿನ ಗೂಡುಗಳು ಎರಡು ಸುತ್ತಿಗೇ ತುಂಬಿ ನುಣ್ಣಗಾಗುತ್ತವೆ. ನಾಲ್ಕೂ ಗಾಲಿ ಲಾಕ್ ಆಗಿ ನಾಲ್ಕೂ ನುಣ್ಣಗಿದ್ದರೆ ನಾಲ್ಕೂ ಒಟ್ಟಿಗೆ ಹೂಳುತ್ತವೆ. ಮಡ್ ಟೆರೈನ್ ಟೈರ್ ಹಾಕಿ, ಹೊಲಕ್ಕೆ ಇಳಿಯುವ ಮೊದಲು ಗಾಳಿ 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ನೋಡಿದ್ದೀರಾ? ಭಾರ ಇದೆ ಅಂತೀರಿ, ಅದಕ್ಕಿಂತ ಕೆಳಗೆ ಬೇಡ. ವಾಪಸ್ ತುಂಬಿಸಲು ನಿಮ್ಮ ಬಳಿ ಕಂಪ್ರೆಸರ್ ಹೇಗೂ ಇದೆ.

ಕೌಲ್ ಬಜಾರ್ ಮಿಸ್ತ್ರಿ (ಬಳ್ಳಾರಿ)

ತಮ್ಮಾ, ಇಪ್ಪತ್ತೇಳು ವರ್ಷದಿಂದ ಡಿಫರೆನ್ಷಿಯಲ್, ಗೇರ್ ಬಾಕ್ಸ್ ಕೆಲಸವೇ ಮಾಡಿಕೊಂಡು ಬಂದಿದ್ದೇನೆ. ಮೊದಲು ಗಣಿ ಜೀಪುಗಳು, ಟಿಪ್ಪರ್‌ಗಳು, ಈಗ ಎಲ್ಲಾ ಬಗೆಯದ್ದು. ನಿನ್ನ ಪ್ರಶ್ನೆ ಸರಿಯಾಗಿದೆ, ನೀನು ಇಳಿದು ನೋಡಿದ್ದೀಯಲ್ಲ, ಆ ಒಂದು ಗಾಲಿ ನಿಂತದ್ದನ್ನು, ಅದರಲ್ಲೇ ಎಲ್ಲ ಇದೆ.

ಸಾದಾ ಡಿಫರೆನ್ಷಿಯಲ್ ಎರಡೂ ಕಡೆಗೆ ಯಾವಾಗಲೂ ಸಮಸಮ ಬಲ ಕೊಡುತ್ತದೆ. ಗಾಳಿಯಲ್ಲಿರುವ ಗಾಲಿ ತಿರುಗಲು ಎಷ್ಟು ಬಲ ಸಾಕೋ ಅಷ್ಟೇ ಬಲ ಗಟ್ಟಿ ನೆಲದ ಗಾಲಿಗೂ ಹೋಗುತ್ತದೆ, ಅಂದರೆ ಹೆಚ್ಚು ಕಡಿಮೆ ಏನೂ ಇಲ್ಲ. ಲಾಕರ್ ಬಂದು ಬಲ ಹೆಚ್ಚು ಮಾಡುವುದಿಲ್ಲ, ಸೈಡ್ ಗೇರ್ (ಆಕ್ಸಲ್ ತುದಿ ಕೂರುವ ಗೇರ್) ಮತ್ತು ಕೇಜ್ (ಆ ಗೇರ್‌ಗಳನ್ನು ಹಿಡಿದಿರುವ ಗೂಡು) ಎರಡನ್ನೂ ಒಂದಾಗಿಸಿ, ಹಿಡಿತ ಇರುವ ಗಾಲಿಗೆ ಬಲ ಹೋಗುವ ಹಾಗೆ ಮಾಡುತ್ತದೆ ಅಷ್ಟೇ. ಟ್ರ್ಯಾಕ್ಟರ್‌ನಲ್ಲಿ ಹಿಮ್ಮಡಿಯಲ್ಲಿ ಒತ್ತುವ ಪೆಡಲ್ ಇರುತ್ತದಲ್ಲ, ಅದೇ ಇದು. ನಮ್ಮ ಕಡೆ ರೈತರಿಗೆಲ್ಲ ಗೊತ್ತು, ಅದನ್ನು ಒತ್ತಿಕೊಂಡು ಟ್ರ್ಯಾಕ್ಟರ್ ತಿರುಗಿಸಬಾರದು ಅಂತಲೂ ಗೊತ್ತು.

ಈಗ ಆಕ್ಸಲ್ ಮುರಿಯುವ ಮಾತು. ಅದು ಸುಮ್ನೆ ಹೆದರಿಸುವ ಮಾತಲ್ಲ. ನಿನ್ನ ಎಂಜಿನ್ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, 320 ಎನ್‌ಎಂ. ಫೋರ್ ಲೋ, ಮೊದಲ ಗೇರ್, ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್‌ನ ದೊಡ್ಡ ಕ್ರೌನ್ ವೀಲ್, ಅದನ್ನು ತಿರುಗಿಸುವ ಚಿಕ್ಕ ಪಿನಿಯನ್) ಎಲ್ಲಾ ದಾಟಿ ಬರುವಾಗ ಅದು ಮೂವತ್ತೈದು ನಲವತ್ತು ಪಟ್ಟು ಆಗಿರುತ್ತದೆ. ಲಾಕ್ ಇಲ್ಲದಾಗ ಮುಂದಿನ ಆಕ್ಸಲ್‌ಗೆ ಬಂದದ್ದರಲ್ಲಿ ಒಂದು ಕಡೆಗೆ ಅರ್ಧಕ್ಕಿಂತ ಹೆಚ್ಚು ಹೋಗುವುದೇ ಇಲ್ಲ. ಲಾಕ್ ಹಾಕಿದ ಮೇಲೆ ಒಂದು ಗಾಲಿ ಗಾಳಿಯಲ್ಲಿ, ಇನ್ನೊಂದು ಕಲ್ಲಿನ ಮೇಲೆ ಇದ್ದರೆ ಪೂರ್ತಿ ಬಲ ಒಂದೇ ಸಿವಿ ಜಾಯಿಂಟ್ (ಬಾಗಿದರೂ ಗಾಲಿಗೆ ಬಲ ದಾಟಿಸುವ ಆಕ್ಸಲ್‌ನ ಕೀಲು) ಮೇಲೆ. ಅದರ ಜೊತೆಗೆ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದರೆ ಜಾಯಿಂಟ್ ಬಾಗಿದ ಸ್ಥಿತಿಯಲ್ಲಿರುತ್ತದೆ, ಗುಂಡುಗಳ ಹಿಡಿತ ಕಡಿಮೆ. ಸಿವಿ ಒಡೆಯುವುದು ಆವಾಗಲೇ. ಸಸ್ಪೆನ್ಷನ್ ಲಿಫ್ಟ್ ಮಾಡಿಸಿದ್ದರೆ ನಿಂತ ಗಾಡಿಯಲ್ಲೇ ಆ ಕೋನ ಜಾಸ್ತಿ ಇರುತ್ತದೆ. ನೀನು ಲಿಫ್ಟ್ ಮಾಡಿಸಿದ್ದೀಯಾ ಹೇಳು.

ಯಾವುದು ಹಾಕಬೇಕು ಅನ್ನುವುದಕ್ಕೆ ನನ್ನ ಉತ್ತರ ಒಂದೇ, ಮುಂದಕ್ಕೆ ಬೇಕೆಂದಾಗ ಹಾಕಿ ಬೇಡವೆಂದಾಗ ತೆಗೆಯುವಂಥದ್ದು. ಗಾಳಿಯದ್ದು, ಇಲ್ಲದಿದ್ದರೆ ಕರೆಂಟಿನ ಮ್ಯಾಗ್ನೆಟ್‌ದು. ನಿನ್ನ ಹಿಂದಿನದು ಗಾಳಿಯದ್ದು, ಕಂಪ್ರೆಸರ್ ಆಗಲೇ ಇದೆ, ಇನ್ನೊಂದು ಸೊಲೆನಾಯ್ಡ್ ವಾಲ್ವ್, ಪೈಪು, ಸ್ವಿಚ್ಚು ಸಾಕು. ತಾನೇ ಲಾಕ್ ಆಗುವವು ಮುಂದೆ ಬೇಡ. ಫೋರ್ ವೀಲ್ ಹಾಕಿದಾಗಲೆಲ್ಲ ಅದು ತನ್ನಿಷ್ಟಕ್ಕೆ ಲಾಕ್ ಆಗಿ ಬಿಡುತ್ತದೆ, ಕಾಲುವೆ ಏರಿ ಮೇಲೆ ಸ್ಟೇರಿಂಗ್ ಯಾವಾಗ ಎಳೆಯುತ್ತದೋ ನಿನ್ನ ಕೈಯಲ್ಲಿ ಇರುವುದಿಲ್ಲ.

ಖರೀದಿಸುವ ಮೊದಲು ಆಕ್ಸಲ್ ತುದಿಯ ಸ್ಪ್ಲೈನ್ ಎಷ್ಟು ಹಲ್ಲು, ಕ್ರೌನ್ ಪಿನಿಯನ್ ರೇಶಿಯೋ ಎಷ್ಟು, ಎರಡೂ ನೋಡಿ ಪಾರ್ಟ್ ನಂಬರ್ ತಾಳೆ ಮಾಡು. ಒಂದೇ ಕಂಪನಿಯ ಗಾಡಿಯಲ್ಲೂ ಹಿಂದಿನ ಡಿಫ್ ಬೇರೆ, ಮುಂದಿನದು ಬೇರೆ, ವರ್ಷ ಬದಲಾದರೆ ಇನ್ನೂ ಬೇರೆ. ಬಾಕ್ಸ್ ಮೇಲಿನ ಗಾಡಿ ಹೆಸರು ನಂಬಿ ತಂದು, ಗಾಡಿ ಬಿಚ್ಚಿದ ಮೇಲೆ ಸ್ಪ್ಲೈನ್ ಕೂರದೆ ಪರದಾಡಿದವರನ್ನು ನೋಡಿದ್ದೇನೆ.

ಆನೆಗೊಂದಿ ಜೀಪು (ಗಂಗಾವತಿ)

ಮಿಸ್ತ್ರಿ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನನ್ನದು ಹಳೆಯ ಮಹೀಂದ್ರ ಜೀಪು, ಮುಂದೆಯೂ ಗಟ್ಟಿ ಆಕ್ಸಲ್, ಎಲೆ ಪಟ್ಟಿ, ಹಬ್ ಲಾಕ್ (ಮುಂದಿನ ಗಾಲಿಯನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಸಾಧನ) ಕೈಯಲ್ಲಿ ತಿರುಗಿಸುವುದು. ನಾನು ಮುಂದೆ ತಾನೇ ಲಾಕ್ ಆಗುವುದನ್ನೇ ಹಾಕಿದ್ದೇನೆ, ಆದರೆ ಪೂರ್ತಿ ಕೇಜ್ ಬದಲಿಸಿಲ್ಲ. ಕೇಜ್ ಒಳಗಿನ ಸ್ಟಾರ್ ಗೇರ್, ಸೈಡ್ ಗೇರ್ ತೆಗೆದು ಆ ಜಾಗಕ್ಕೆ ಹಲ್ಲಿನ ಬಿಲ್ಲೆಗಳು, ಸ್ಪ್ರಿಂಗು, ಪಿನ್ನು ಕೂರಿಸುವ ಬಗೆ, ಲಂಚ್ ಬಾಕ್ಸ್ ಲಾಕರ್ ಅನ್ನುತ್ತಾರೆ. ಹಳೆಯ ಕೇಜ್, ಹಳೆಯ ಬೇರಿಂಗು, ಹಳೆಯ ಶಿಮ್ (ಸಂದು ಸರಿಮಾಡುವ ತೆಳು ಬಿಲ್ಲೆ) ಅಲ್ಲಲ್ಲೇ ವಾಪಸ್ ಹೋಗುವುದರಿಂದ ಸೆಟ್ಟಿಂಗ್ ಕೆಲಸ ಇಲ್ಲ. ಗಾಳಿ ಇಲ್ಲ, ವೈರ್ ಇಲ್ಲ, ಖರ್ಚೂ ಕಡಿಮೆ. ರಸ್ತೆಯಲ್ಲಿ ಹಬ್ ಲಾಕ್ ಬಿಡಿಸಿಟ್ಟರೆ ಲಾಕರ್ ಇದೆ ಅಂತ ಗೊತ್ತೇ ಆಗುವುದಿಲ್ಲ. ಆನೆಗೊಂದಿ, ಹಿರೇಬೆಣಕಲ್ ಕಡೆಯ ಬಂಡೆಗಳ ನಡುವೆ ನನಗೆ ಇದು ಸಾಕು, ಅಲ್ಲಿ ಕೆಸರು ಇಲ್ಲ, ಕಲ್ಲು ಮೇಲೆ ಹಿಡಿತ ಚೆನ್ನಾಗಿದೆ, ಒಂದು ಗಾಲಿ ಏಳುವುದೇ ತೊಂದರೆ.

ಆದರೆ ನಿಮ್ಮ ಗಾಡಿಗೆ ನಾನೂ ಇದನ್ನು ಹೇಳುವುದಿಲ್ಲ. ನನ್ನದು ವಾರಕ್ಕೊಂದು ಸಲ ಹೋಗುವ ಜೀಪು, ನಿಮ್ಮದು ದಿನಾ ರಾಡಿಯಲ್ಲಿ ತಿರುಗುವ ಕೆಲಸದ ಗಾಡಿ. ತಿರುವಿನಲ್ಲಿ ಅದು ಟಕ್ ಅಂತ ಬಿಟ್ಟು ಹಿಡಿಯುವಾಗ ಸ್ಟೇರಿಂಗ್ ಕೈ ಎಳೆಯುತ್ತದೆ, ನನಗೆ ಅಭ್ಯಾಸ ಆಗಿದೆ, ರಾತ್ರಿ ಹೊತ್ತು ಮಳೆಯಲ್ಲಿ ಹೋಗುವವರಿಗೆ ಅದು ಬೇಡ.

ಎರೆಹೊಲದ ಗಾಡಿ (ಸಿಂಧನೂರು)

ಎಲ್ಲರಿಗೂ ಧನ್ಯವಾದ. ಸಂಡೂರಿನವರೇ, ಟೈರ್ ಆಲ್ ಟೆರೈನ್ ಇದೆ, ಅರ್ಧ ಸವೆದಿದೆ, ನೀವು ಹೇಳಿದ್ದು ಸರಿ, ಮೊದಲು ಅದನ್ನು ಬದಲಿಸುತ್ತೇನೆ. ಮಿಸ್ತ್ರಿ ಅಣ್ಣ, ಲಿಫ್ಟ್ ಮಾಡಿಸಿಲ್ಲ. ಪಾರ್ಟ್ ನಂಬರ್ ಹೇಗೆ ನೋಡಬೇಕು ಅಂತ ಗೊತ್ತಾಯಿತು.

ಒಂದು ಭಯ ಇದೆ, ಅದನ್ನು ಹೇಳಿಬಿಡುತ್ತೇನೆ. ನನ್ನ ಹಿಂದಿನ ಲಾಕರ್ ಹಾಕಿಸಿದ ಮೇಲೆ ಎರಡು ತಿಂಗಳಿಗೆ ಬ್ರೀದರ್‌ನಿಂದ (ಡಿಫ್ ಒಳಗಿನ ಗಾಳಿ ಹೋಗಿ ಬರುವ ಕಿಂಡಿ) ಗೇರ್ ಆಯಿಲ್ ಉಗುಳತೊಡಗಿತು, ಲಾಕ್ ಕೂಡ ಹಿಡಿಯುವುದು ನಿಧಾನವಾಯಿತು. ಬಿಚ್ಚಿಸಿದಾಗ ಒಳಗೆ ಡ್ರಿಲ್ ಮಾಡಿದ ಕಬ್ಬಿಣದ ಚೂರು ಉಳಿದಿತ್ತು, ಗಾಳಿ ಹೋಗುವ ಸೀಲ್‌ಗೆ ಗೀರು ಬಿದ್ದಿತ್ತು. ಕೆಲಸ ಮಾಡಿದವರ ಹೆಸರು ಬೇಡ, ಅವರೇ ಸರಿ ಮಾಡಿಕೊಟ್ಟರು. ಆದರೆ ಮುಂದಿನ ಹೌಸಿಂಗ್ ಅಲ್ಯೂಮಿನಿಯಂ, ಅದಕ್ಕೆ ತೂತು ಹೊಡೆಯುವುದು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಕೆಲಸ ಹೇಗೆ ನಡೆಯಬೇಕು ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ? ನಾನೂ ಪಕ್ಕದಲ್ಲೇ ನಿಂತು ನೋಡುವವನು, ಏನು ನೋಡಬೇಕು ಅಂತ ತಿಳಿದಿದ್ದರೆ ಒಳ್ಳೆಯದು.

ಕೌಲ್ ಬಜಾರ್ ಮಿಸ್ತ್ರಿ (ಬಳ್ಳಾರಿ)

ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮುಂದಿನ ಡಿಫ್ ಅನ್ನು ಗಾಡಿ ಕೆಳಗೆ ಮಲಗಿ ಮಾಡಬಾರದು. ಆಯಿಲ್ ಇಳಿಸಿ, ಎರಡೂ ಕಡೆಯ ಸಿವಿ ಆಕ್ಸಲ್ ಎಳೆದು, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಪೂರ್ತಿ ಹೌಸಿಂಗ್ ಕೆಳಗಿಳಿಸಿ ಬೆಂಚಿನ ಮೇಲೆ ಇಡಬೇಕು. ಪ್ರೊಪೆಲ್ಲರ್ ಶಾಫ್ಟ್ ಫ್ಲ್ಯಾಂಜ್‌ಗೆ ಬಿಚ್ಚುವ ಮೊದಲು ಗುರುತು ಹಾಕಬೇಕು, ಹೇಗಿತ್ತೋ ಹಾಗೇ ಕೂರಬೇಕು.

ಬೆಂಚಿಗೆ ಬಂದ ಮೇಲೆ ಆತುರದ ಹುಡುಗರು ಮೊದಲು ಸ್ಪ್ಯಾನರ್ ಹಾಕುತ್ತಾರೆ. ಅಲ್ಲೇ ಕೆಲಸ ಕೆಡುವುದು. ಮೊದಲು ಡಯಲ್ ಗೇಜ್ ಹಾಕಿ ಬ್ಯಾಕ್‌ಲ್ಯಾಶ್ ಅಳೆಯಬೇಕು, ಅಂದರೆ ಪಿನಿಯನ್ ಅಲುಗದ ಹಾಗೆ ಹಿಡಿದು ಕ್ರೌನ್ ವೀಲ್ ಎಷ್ಟು ಆಡುತ್ತದೆ ಅಂತ. ಒಂದೇ ಜಾಗದಲ್ಲಲ್ಲ, ಚಕ್ರದ ಸುತ್ತ ಮೂರು ನಾಲ್ಕು ಜಾಗದಲ್ಲಿ ಅಳೆದು ಚೀಟಿಯಲ್ಲಿ ಬರೆಯಬೇಕು. ಆಮೇಲೆ ಹಲ್ಲಿಗೆ ಪ್ರಷ್ಯನ್ ಬ್ಲೂ (ಗುರುತು ನೋಡುವ ನೀಲಿ ಬಣ್ಣ) ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ಎಲ್ಲಿ ಬೀಳುತ್ತದೆ ಅಂತ ಫೋಟೋ ತೆಗೆದುಕೊಳ್ಳಬೇಕು. ಆ ಗೇರ್‌ಗಳು ಇಷ್ಟು ವರ್ಷ ಹಾಗೆ ಕೂಡಿ ಓಡಿವೆ, ಸದ್ದಿಲ್ಲದೆ ಓಡಿವೆ. ಹೊಸ ಕೇಜ್ ಹಾಕಿದ ಮೇಲೂ ಅವು ಅದೇ ಜಾಗದಲ್ಲೇ ಕೂಡಬೇಕು. ಹಳೆಯ ಅಳತೆ ಬರೆದಿಲ್ಲದಿದ್ದರೆ ಆಮೇಲೆ ಯಾವುದಕ್ಕೆ ಹೋಲಿಸುತ್ತೀಯ? ನಿನ್ನ ಮಿಸ್ತ್ರಿ ಬಳಿ ಡಯಲ್ ಗೇಜ್ ಇಲ್ಲ, ಕೈಯಲ್ಲೇ ಗೊತ್ತಾಗುತ್ತೆ ಅಂದರೆ, ಎಷ್ಟು ದೊಡ್ಡ ಮಿಸ್ತ್ರಿ ಆದರೂ ಗಾಡಿ ವಾಪಸ್ ತಗೊಂಡು ಬಂದುಬಿಡು.

ಬಿಚ್ಚುವಾಗ ಎಡದ ಶಿಮ್ ಎಡಕ್ಕೆ, ಬಲದ್ದು ಬಲಕ್ಕೆ, ಬೇರೆ ಬೇರೆ ಡಬ್ಬಿ. ಬೇರಿಂಗ್ ಕ್ಯಾಪ್ ಇರುವ ಹೌಸಿಂಗ್ ಆದರೆ ಕ್ಯಾಪ್‌ಗಳಿಗೂ ಪಂಚ್ ಗುರುತು, ಅವು ಆ ಹೌಸಿಂಗ್ ಜೊತೆ ಕೂಡಿಸಿಯೇ ಕೊರೆದಿರುವುದು, ಅದಲು ಬದಲಾದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಹಳೆಯ ಕೇಜ್‌ನಿಂದ ಕ್ರೌನ್ ವೀಲ್ ತೆಗೆದು ಹೊಸ ಲಾಕರ್ ಮೇಲೆ ಕೂರಿಸುವುದು ಬಿಗಿ ಕೆಲಸ. ಸುತ್ತಿಗೆಯಿಂದ ಹೊಡೆಯಬಾರದು, ಬೋಲ್ಟ್ ಬಿಗಿ ಮಾಡಿ ಎಳೆಸಲೂಬಾರದು. ಕ್ರೌನ್ ವೀಲನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಡು, ಹಿಗ್ಗುತ್ತದೆ, ತನ್ನಷ್ಟಕ್ಕೆ ಕೂರುತ್ತದೆ. ಗ್ಯಾಸ್ ಕಟರ್ ಬೆಂಕಿ ಹಿಡಿಯಬೇಡ, ಹಲ್ಲಿನ ಹದ ಹೋಗುತ್ತದೆ. ನೀರು ಪೂರ್ತಿ ಒರೆಸಿ ಒಣಗಿಸಿ, ಬೋಲ್ಟ್‌ಗಳನ್ನು ಥ್ರೆಡ್ ಲಾಕ್ ಹಚ್ಚಿ, ಎದುರು ಬದುರಾಗಿ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಬೇಕು.

ಪಿನಿಯನ್ ಮುಟ್ಟುವ ಅಗತ್ಯ ಇಲ್ಲ, ಗೇರ್ ಹಳೆಯದೇ ಇರುವುದರಿಂದ ಅದರ ಆಳ ಹಾಗೇ ಇರುತ್ತದೆ. ಬದಲಾಗುವುದು ಪಕ್ಕದ ಶಿಮ್ ಮಾತ್ರ. ಹೊಸ ಕೇಜ್ ಕೂದಲಷ್ಟು ಆಚೀಚೆ ಕೂರಬಹುದು, ಆಗ ಒಂದು ಕಡೆಯಿಂದ ತೆಗೆದ ದಪ್ಪವನ್ನು ಇನ್ನೊಂದು ಕಡೆ ಸೇರಿಸಬೇಕು, ಒಟ್ಟು ದಪ್ಪ ಕಮ್ಮಿ ಆಗಬಾರದು, ಕಮ್ಮಿ ಆದರೆ ಬೇರಿಂಗ್ ಸಡಿಲವಾಗುತ್ತದೆ. ಸಾಮಾನ್ಯವಾಗಿ ಇಂಥ ಡಿಫ್‌ಗಳಲ್ಲಿ ಬ್ಯಾಕ್‌ಲ್ಯಾಶ್ 0.13ರಿಂದ 0.20 ಮಿಲಿಮೀಟರ್ ಒಳಗೆ ಇರುತ್ತದೆ, ನಿನ್ನ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಕಡಿಮೆ ಇಟ್ಟರೆ ಕಾದು ಕೂಗುತ್ತದೆ. ಜಾಸ್ತಿ ಇಟ್ಟರೆ ಪ್ರತಿ ಸಲ ಕ್ಲಚ್ ಬಿಟ್ಟಾಗ ಹಲ್ಲಿಗೆ ಹಲ್ಲು ಬಡಿಯುತ್ತದೆ. ಶಿಮ್ ಹಾಕಿ ತೆಗೆದು, ಹಾಕಿ ತೆಗೆದು, ಒಂದು ಪೂರ್ತಿ ಮಧ್ಯಾಹ್ನ ಇದಕ್ಕೇ ಹೋಗುತ್ತದೆ. ಹೋಗಲಿ ಬಿಡು.

ಇನ್ನು ನಿನ್ನ ಭಯದ ತೂತು. ಗಾಳಿ ಪೈಪಿಗೆ ಹೌಸಿಂಗ್‌ನಲ್ಲಿ ಕಾಲು ಇಂಚಿನ ಥ್ರೆಡ್ ತೂತು ಬೇಕು. ಕೇಜ್ ಒಳಗೆ ಇಲ್ಲದಾಗ, ಖಾಲಿ ಹೌಸಿಂಗ್‌ಗೆ ತೂತು ಹೊಡೆಯಬೇಕು. ಆಯಿಲ್ ಮಟ್ಟಕ್ಕಿಂತ ಮೇಲೆ, ಕ್ರೌನ್ ವೀಲಿಗೆ ದೂರ, ಒಳಗೆ ಬಲಕ್ಕೆಂದು ಕೊಟ್ಟ ಏಣು ಇಲ್ಲದ ಜಾಗ. ಡ್ರಿಲ್ ಬಿಟ್‌ಗೂ ಟ್ಯಾಪ್‌ಗೂ ಗ್ರೀಸ್ ಹಚ್ಚಿದರೆ ಚೂರು ಅದಕ್ಕೇ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಅಂದೆಯಲ್ಲ, ಅದಕ್ಕೇ ಇನ್ನೂ ಹುಷಾರು, ಕಬ್ಬಿಣದ ಚೂರಾದರೆ ಡ್ರೈನ್ ಬೋಲ್ಟ್‌ನ ಮ್ಯಾಗ್ನೆಟ್ ಹಿಡಿಯುತ್ತದೆ, ಅಲ್ಯೂಮಿನಿಯಂ ಚೂರನ್ನು ಯಾವ ಮ್ಯಾಗ್ನೆಟ್ಟೂ ಹಿಡಿಯುವುದಿಲ್ಲ. ತೂತು ಆದ ಮೇಲೆ ಡೀಸೆಲ್‌ನಲ್ಲಿ ಎರಡು ಸಲ ತೊಳೆದು, ಗಾಳಿ ಹೊಡೆದು, ಬಿಳಿ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ, ಬಟ್ಟೆ ಬಿಳಿಯಾಗೇ ಬರುವ ತನಕ ಮುಚ್ಚಬಾರದು. ಬಟ್ಟೆಯನ್ನು ನೀನೇ ಕೇಳಿ ನೋಡು. ಒಳಗಿನ ತಾಮ್ರದ ಪೈಪನ್ನು ಕ್ರೌನ್ ವೀಲಿಗೆ ತಾಗದ ಹಾಗೆ ನಿಧಾನವಾಗಿ ಬಾಗಿಸಬೇಕು, ಮಡಿಕೆ ಬೀಳಬಾರದು.

ಮುಚ್ಚುವ ಮೊದಲು 100 ಪಿಎಸ್‌ಐ ಆಸುಪಾಸು ಗಾಳಿ ಕೊಟ್ಟು ಬೆಂಚಿನ ಮೇಲೇ ಪರೀಕ್ಷೆ. ಪೈಪ್ ಜಾಯಿಂಟ್‌ಗೆಲ್ಲ ಸೋಪಿನ ನೀರು, ಗುಳ್ಳೆ ಬರಬಾರದು, ಒಳಗಿನ ಸೀಲ್ ಹತ್ತಿರ ಕಿವಿ ಇಟ್ಟು ಕೇಳಬೇಕು. ನಿನ್ನ ಹಿಂದಿನದರಲ್ಲಿ ಆದದ್ದು ಇದೇ, ಸೀಲ್‌ನಿಂದ ಗಾಳಿ ಹೌಸಿಂಗ್ ಒಳಗೆ ತುಂಬಿ ಆಯಿಲನ್ನು ಬ್ರೀದರ್‌ನಿಂದ ತಳ್ಳಿದೆ. ಗಾಳಿ ಇದ್ದಾಗ ಒಂದು ಕಡೆ ತಿರುಗಿಸಿದರೆ ಎರಡೂ ಕಡೆ ಒಂದೇ ದಿಕ್ಕಿಗೆ ತಿರುಗಬೇಕು, ಗಾಳಿ ಬಿಟ್ಟ ಮೇಲೆ ಕೇಜ್ ಹಿಡಿದುಕೊಂಡು ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಉಲ್ಟಾ ತಿರುಗಬೇಕು.

ಸ್ವಿಚ್ ವೈರಿಂಗನ್ನು ಹಿಂದಿನ ಲಾಕ್ ಹಾಕದೆ ಮುಂದಿನದು ಹಾಕಲು ಬಾರದ ಹಾಗೆ ಮಾಡಿಸು. ಬ್ರೀದರ್ ಪೈಪನ್ನು ಎಂಜಿನ್ ಮೇಲಿನ ಮಟ್ಟದ ತನಕ ಎತ್ತಿ ಕಟ್ಟಿಸು, ನಿನ್ನ ಕೆಲಸಕ್ಕೆ ಇದು ತುಂಬಾ ಮುಖ್ಯ. ಓಡಿ ಕಾದ ಡಿಫ್ ಗದ್ದೆ ನೀರಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ, ಬ್ರೀದರ್ ನೀರೊಳಗಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾ ಬಣ್ಣಕ್ಕೆ ತಿರುಗಿದ್ದರೆ ಅದೇ ಕಾರಣ. ಆಯಿಲ್ 80ಡಬ್ಲ್ಯೂ 90, ಜಿಎಲ್-5. ಮೊದಲ 500 ಕಿಲೋಮೀಟರ್‌ಗೆ ಬದಲಿಸು.

ಬಳ್ಳಾರಿಯಲ್ಲಿ ಆಗುತ್ತದಾ ಅಂದೆಯಲ್ಲ, ಆಗುತ್ತದೆ. ಇಲ್ಲಿ ಕೈ ಇದೆ, ಲೇತ್ ಇದೆ. ಎರಡು ದಿನ ಕೇಳು, ಒಂದೇ ದಿನಕ್ಕೆ ಕೊಡುತ್ತೇನೆ ಅನ್ನುವವರಿಗೆ ಕೊಡಬೇಡ.

ಮಸಾರಿ (ರಾಯಚೂರು)

ಮಿಸ್ತ್ರಿಯವರು ಬರೆದದ್ದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಬೇಕು. ನಾನು ಸಿವಿ ಮುರಿದುಕೊಂಡವನು, ಅದಕ್ಕೆ ಬರೆಯುತ್ತಿದ್ದೇನೆ. ಕೃಷ್ಣಾ ನದಿ ದಂಡೆಯ ಮರಳು ದಾರಿಯಲ್ಲಿ ಮುಂದಿನ ಲಾಕ್ ಹಾಕಿಕೊಂಡೇ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಆಕ್ಸಲರೇಟರ್ ಒತ್ತಿದೆ, ಗಾಲಿ ಮರಳಿನಿಂದ ಒಮ್ಮೆಲೆ ಕಲ್ಲಿನ ಮೇಲೆ ಹತ್ತಿತು. ಢಂ ಅಂತ ಒಂದೇ ಸದ್ದು. ತಪ್ಪು ನನ್ನದೇ. ತಿರುಗುತ್ತಿರುವ ಗಾಲಿ ತಟ್ಟನೆ ಹಿಡಿತ ಸಿಕ್ಕಿ ನಿಂತಾಗಲೇ ಹೆಚ್ಚು ಮುರಿಯುವುದು, ಹಾಗಾಗಿ ಗಾಲಿ ಸುತ್ತುತ್ತಿರುವಾಗ ಲಾಕ್ ಸ್ವಿಚ್ ಒತ್ತಲೇಬೇಡಿ. ನಿಂತು, ಒತ್ತಿ, ನಿಧಾನವಾಗಿ ಬಿಡಿ. ಒಂದು ಸ್ಪೇರ್ ಸಿವಿ ಆಕ್ಸಲ್ ಗಾಡಿಯಲ್ಲೇ ಇರಲಿ, ನೀವು ರಿಪೇರಿಯವರೇ, ಹೊಲದಲ್ಲೇ ಬದಲಿಸಬಹುದು.

ಇನ್ನೊಂದು, ಕಾಗದದ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಹಾಗಾಗಿ ಹಾಕಿಸುವ ಮೊದಲು ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ ಉತ್ತರ ಇಟ್ಟುಕೊಳ್ಳಿ. ದುಡಿಯುವ ಗಾಡಿ, ನಾಳೆ ಏನಾದರೂ ಆದರೆ ಅದೇ ಹೊಟ್ಟೆಯ ಮೇಲೆ ಬರುತ್ತದೆ.

ಎರೆಹೊಲದ ಗಾಡಿ (ಸಿಂಧನೂರು)

ಐದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು. ಮೊದಲು ಮಡ್ ಟೆರೈನ್ ಟೈರ್ ಹಾಕಿಸಿದೆ. ಅದರಿಂದಲೇ ಅರ್ಧ ತೊಂದರೆ ಕಡಿಮೆಯಾಯಿತು, ಸಂಡೂರಿನವರಿಗೆ ನಾನು ಋಣಿ. ಕಾಗದದ ಕೆಲಸಕ್ಕೆ ಓಡಾಡಿದೆ, ಇನ್ಶೂರೆನ್ಸ್‌ಗೂ ಬರೆದುಕೊಟ್ಟೆ. ಆಮೇಲೆ ಬಳ್ಳಾರಿಯಲ್ಲೇ ಮುಂದಿನ ಏರ್ ಲಾಕರ್ ಹಾಕಿಸಿದೆ. ಎರಡು ದಿನ ಅಂದದ್ದು ಮೂರು ದಿನ ಆಯಿತು, ಶಿಮ್ ಸಿಗಲಿಲ್ಲ, ಲೇತ್‌ನಲ್ಲಿ ಗ್ರೈಂಡ್ ಮಾಡಿಸಬೇಕಾಯಿತು. ಬಿಳಿ ಬಟ್ಟೆ ನಾನೇ ಹಿಡಿದು ಒರೆಸಿದೆ, ನಾಲ್ಕನೇ ಬಟ್ಟೆ ಬಿಳಿಯಾಗಿ ಬಂತು.

ಬೇಸಿಗೆ ಬೆಳೆ ಕಟಾವಿನಲ್ಲಿ ಒಂದು ಸಂಜೆ ಜೋರು ಮಳೆ ಬಂತು, ಮರುದಿನ ಬೆಳಿಗ್ಗೆ ಅದೇ ಕಾರಟಗಿ ಹೊಲದಿಂದ ಫೋನು. ಅದೇ ಬದು. ಈ ಸಲವೂ ಮುಂದಿನ ಬಲಗಾಲಿ ಎದ್ದಿತು, ಹಿಂದಿನವು ಜಾರಿದವು. ನಿಲ್ಲಿಸಿದೆ. ಸ್ಟೇರಿಂಗ್ ನೇರ ಮಾಡಿ ಮುಂದಿನ ಸ್ವಿಚ್ ಒತ್ತಿ, ಲಾಕ್ ಆದ ದೀಪ ಬಂದ ಮೇಲೆ ಕ್ಲಚ್ ನಿಧಾನಕ್ಕೆ ಬಿಟ್ಟೆ. ಗರಸಿನ ಮೇಲೆ ಕೂತಿದ್ದ ಆ ಎಡಗಾಲಿ ಮೂತಿಯನ್ನು ಎಳೆದುಕೊಂಡು ಬದು ಹತ್ತಿಸಿತು, ಎಂಜಿನ್ ಸದ್ದು ಕೂಡ ಏರಲಿಲ್ಲ. ಆಚೆ ಇಳಿದ ಕೂಡಲೇ ಸ್ವಿಚ್ ತೆಗೆದೆ. ರೈತ ಬದುವಿನ ಮೇಲೆ ನಿಂತು ನೋಡುತ್ತಿದ್ದ, ಹೋದ ಸಲ ಟ್ರ್ಯಾಕ್ಟರ್ ತಂದವನೂ ಅವನೇ. ಮಷಿನ್‌ನ ಬೇರಿಂಗ್ ಹಾಕಿ ಮುಗಿಸಿದಾಗ ಹತ್ತು ಗಂಟೆಯೂ ಆಗಿರಲಿಲ್ಲ.

ಮಿಸ್ತ್ರಿ ಅಣ್ಣ, 500 ಕಿಲೋಮೀಟರ್‌ಗೆ ಆಯಿಲ್ ಬದಲಿಸಿದೆ, ಮ್ಯಾಗ್ನೆಟ್ ಮೇಲೆ ಸ್ವಲ್ಪ ಬೂದಿಯಂಥ ಪುಡಿ ಇತ್ತು, ಚೂರು ಇರಲಿಲ್ಲ, ಆಯಿಲ್‌ನಲ್ಲಿ ನೀರೂ ಇರಲಿಲ್ಲ. ಅಳತೆಯ ಚೀಟಿ ಗಾಡಿಯಲ್ಲೇ ಇಟ್ಟಿದ್ದೇನೆ: ಬಿಚ್ಚುವ ಮೊದಲು 0.16, ಮುಚ್ಚುವಾಗ 0.17. ಯಾರಿಗಾದರೂ ಪೈಪ್ ಹೋದ ದಾರಿ, ಬ್ರೀದರ್ ಎತ್ತಿ ಕಟ್ಟಿದ್ದು ನೋಡಬೇಕೆಂದರೆ ಸಿಂಧನೂರಿಗೆ ಬನ್ನಿ, ಗಾಡಿ ಕೆಳಗೆ ಚಾಪೆ ಹಾಸಿ ತೋರಿಸುತ್ತೇನೆ.